ಟೇಪ್ ಸುಲಿಯುವ ಹೊತ್ತು

ಮೊದಲ ದಿನವೇ ಅವಳು ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದ್ದಳು.

"ಇದು ಕಿಟಕಿನಾ? ಬೆಂಕಿ ಬಿದ್ದ ಮನೆಯಿಂದ ಕಿತ್ತುಕೊಂಡು ಬಂದ ಹಾಗಿದೆ!"

ಗೊಂಬೆಮನೆಗಳನ್ನು ಮಾಡಿ ಮಾರುವವಳು ಅವಳು. ಅಂಗೈಯಲ್ಲಿದ್ದ ಪ್ಲೈವುಡ್ಡಿನ ಪುಟಾಣಿ ಕಿಟಕಿಯ ಅಂಚೆಲ್ಲ ಕರಕಲಾಗಿತ್ತು. ಆ ಮಸಿ ಬೆರಳಿನಿಂದಲೇ ಮುಂಗುರುಳು ಸರಿಸಿಕೊಂಡಳು, ಹಣೆಯ ಮೇಲೊಂದು ಕಪ್ಪು ಗೆರೆ ಮೂಡಿತು. ಲೇಸರ್ ಮಷಿನ್ನಿನಲ್ಲಿ ಮರ ಕತ್ತರಿಸಿಕೊಡುವ ಅಂಗಡಿಯ ಅವನು ಆ ಗೆರೆಯನ್ನೇ ನೋಡುತ್ತ ನಿಂತ.

"ನಾನ್ ಹೇಳ್ತಿರೋದು ಕೇಳಿಸ್ತಾ?"

"ಹಾಂ... ಟೇಪ್ ಅಂಟಿಸಿ ಕಟ್ ಮಾಡಿದ್ರೆ ಮಸಿ ಹತ್ತಲ್ಲ."

ಹಾಗೆ ಶುರುವಾಯಿತು. ಪ್ಲೈವುಡ್ ಹಾಳೆಯ ಎರಡೂ ಬದಿಗೆ ಪೇಪರ್ ಟೇಪ್ ಅಂಟಿಸಿ ಕತ್ತರಿಸುವುದು, ಆಮೇಲೆ ಒಂದೊಂದೇ ಕಿಟಕಿಯಿಂದ ಉಗುರಿನಲ್ಲಿ ಅದನ್ನು ಸುಲಿಯುವುದು. ಒಬ್ಬರೇ ಕೂತರೆ ಮಧ್ಯಾಹ್ನವೆಲ್ಲ ಹಿಡಿಯುವ ಕೆಲಸ. ಅದಕ್ಕೇ ಅವನೂ ಕೂರುತ್ತಿದ್ದ.

ಮೇಜಿನ ಮೇಲೆ ಬಿಸಿಲು ಮೆಲ್ಲಗೆ ಸರಿಯುತ್ತಿತ್ತು. ಸುಟ್ಟ ಮರದ ಸಿಹಿ ವಾಸನೆ. ಅವಳ ತೋಳಿಗೆ ಅಂಟಿದ ಟೇಪಿನ ಚೂರುಗಳನ್ನು ತೆಗೆಯಬೇಕೆಂದು ಅವನ ಕೈ ಎದ್ದು, ಅರ್ಧಕ್ಕೇ ವಾಪಸಾಗುತ್ತಿತ್ತು. ಅವಳು ಅದನ್ನು ಓರೆಗಣ್ಣಿನಲ್ಲಿ ನೋಡಿ, ನೋಡದವಳಂತೆ ಇನ್ನೊಂದು ಕಿಟಕಿ ಎತ್ತಿಕೊಳ್ಳುತ್ತಿದ್ದಳು.

"ಈ ಮನೇಲಿ ಯಾರಿರ್ತಾರೆ?" ಅವನು ಕೇಳುತ್ತಿದ್ದ.

"ಗಂಡ ಹೆಂಡ್ತಿ. ದಿನಾ ಜಗಳ."

"ಅಯ್ಯೋ. ಆಮೇಲೆ?"

"ಆಮೇಲೇನು, ಸಂಜೆ ಇಬ್ಬರೂ ಇದೇ ಕಿಟಕಿ ಹತ್ರ ಬಂದು ನಿಲ್ತಾರೆ."

ಕೌಂಟರಿನಲ್ಲಿದ್ದ ಅವನ ಅಕ್ಕ ಸುಮ್ಮನಿರುವವಳಲ್ಲ. "ಬೇರೆ ಗಿರಾಕಿಗಳ ಟೇಪ್ ಸುಲಿಯೋಕೆ ಮಾತ್ರ ನಿನಗೆ ಕೈಯೇ ಬರಲ್ವಲ್ಲೋ!"

ಒಂದು ದಿನ ಅವಳು ಬಂದವಳೇ ಹೇಳಿದಳು: "ನಾನೇ ಒಂದು ಸಣ್ಣ ಮಷಿನ್ ತಗೋತಿದೀನಿ. ಮುಂದಿನ ವಾರ ಬರುತ್ತೆ. ಸೆಟ್ಟಿಂಗ್ ಹೇಳ್ಕೊಡ್ತೀರಾ?"

ಅವನು ಕೈಯಲ್ಲಿದ್ದ ಟೇಪಿನ ಸುರುಳಿಯನ್ನು ಮೇಜಿನ ಮೇಲಿಟ್ಟ. ಅವಳು ಇನ್ನು ಬರುವುದಿಲ್ಲ ಎನ್ನುವುದು ಒಂದು ಸಂಕಟ. ಇನ್ನೊಂದು ಅದಕ್ಕಿಂತ ದೊಡ್ಡದು. ಆ ತೆಳು ಹಾಳೆಗೆ ಟೇಪ್ ಬೇಕಾಗಿಯೇ ಇರಲಿಲ್ಲ. ಸರಿಯಾದ ಸೆಟ್ಟಿಂಗ್ ಅವನಿಗೆ ಎಂದೋ ಸಿಕ್ಕಿತ್ತು, ಬಾಯಿ ಬಿಟ್ಟಿರಲಿಲ್ಲ ಅಷ್ಟೆ. ಈಗ ಅದನ್ನು ಕಲಿಸಿದರೆ ಗುಟ್ಟು ರಟ್ಟಾಗುತ್ತದೆ. ಕಲಿಸದಿದ್ದರೆ ಅವಳು ಮನೆಯಲ್ಲಿ ಒಬ್ಬಳೇ ಕೂತು ಉಗುರು ಸವೆಸುತ್ತಾಳೆ. ಅದನ್ನು ನೆನೆಯುವುದಕ್ಕೂ ಅವನಿಂದ ಆಗಲಿಲ್ಲ.

ಟೇಪಿಲ್ಲದ ಹಾಳೆಯನ್ನೇ ಮಷಿನ್ನಿನಲ್ಲಿಟ್ಟ.

"ಒಂದೇ ಸಲಕ್ಕೆ ಕತ್ತರಿಸೋ ಆತುರ ಬೇಡ. ಪವರ್ ಇಳಿಸಿ, ಸ್ಪೀಡ್ ಏರಿಸಿ. ಅದೇ ಗೆರೆ ಮೇಲೆ ಎರಡು ಸಲ ಓಡ್ಲಿ. ಮಷಿನ್ ಊದೋ ಗಾಳಿ ಜೋರಾಗಿರ್ಲಿ, ಹೊಗೆ ಮರದ ಮೇಲೆ ಕೂರಬಾರದು. ಹಾಳೇನ ಸ್ವಲ್ಪ ಎತ್ತರಿಸಿಡಿ, ಅಡಿಗೂ ಕಲೆ ಬೀಳಲ್ಲ."

ಮೊದಲ ತುಂಡು ಹಾಳೆಯಿಂದ ಬಿಟ್ಟುಕೊಳ್ಳಲಿಲ್ಲ. ಸ್ಪೀಡನ್ನು ಕೂದಲೆಳೆಯಷ್ಟು ತಗ್ಗಿಸಿದ. ಎರಡನೆಯದು ತಾನಾಗಿ ಕಳಚಿ ಅವಳ ಕೈಗೆ ಬಂತು, ಅಂಚು ಬರೀ ಜೇನಿನ ಬಣ್ಣ. ಬೆರಳಾಡಿಸಿದಳು. ಮಸಿಯಿಲ್ಲ.

"ಟೇಪ್?"

"ಬೇಡ."

"ಯಾವತ್ತಿಂದ ಬೇಡ?"

ಅಕ್ಕನಿಗೆ ಇದ್ದಕ್ಕಿದ್ದಂತೆ ಹೊರಗೇನೋ ಕೆಲಸ ನೆನಪಾಯಿತು.

"ಮೊದಲನೇ ವಾರದಿಂದ್ಲೇ," ಎಂದ, ಅವಳ ಮುಖ ನೋಡದೆ. "ಟೇಪ್ ಇಲ್ಲ ಅಂದ್ರೆ ನೀವು ಕಿಟಕಿ ತಗೊಂಡು ಹೊರಟುಬಿಡ್ತಿದ್ರಿ. ನೀವಿಲ್ಲಿ ಕೂತಿದ್ರೆ ನನಗಿಷ್ಟ. ನೀವಂದ್ರೇ ಇಷ್ಟ. ಈಗ ಎಷ್ಟು ಬೇಕೋ ಅಷ್ಟು ಬೈರಿ."

ಅವಳು ಬೈಯಲಿಲ್ಲ. ಕಿಟಕಿಯನ್ನು ಕಣ್ಣಿಗೆ ಹಿಡಿದು ಅದರೊಳಗಿಂದ ಅವನನ್ನೇ ನೋಡಿದಳು.

"ಆವಾಗ್ಲೇ ಇನ್ನೊಂದು ಅಂಗಡೀಲಿ ಕಟ್ ಮಾಡಿಸಿ ನೋಡಿದ್ದೆ. ಟೇಪ್ ಇಲ್ಲದೇನೇ ಚೆನ್ನಾಗಿ ಬಂತು."

ಅವನು ತಲೆಯೆತ್ತಿದ. "ಮತ್ತೆ... ಇಲ್ಲಿಗೆ ಯಾಕೆ ಬರ್ತಿದ್ರಿ?"

"ಅಲ್ಲಿ ನನ್ನ ಜೊತೆ ಯಾರೂ ಕೂರ್ಲಿಲ್ಲ." ಅವಳ ಕೆನ್ನೆ ಕೆಂಪಗಾಗಿತ್ತು. "ಮಷಿನ್ ಬರೋದಂತೂ ನಿಜ. ಇನ್ಮೇಲೆ ನೀವೇ ನಮ್ಮನೆಗೆ ಬರಬೇಕು."

"ಏನ್ ನೆಪ ಹೇಳ್ಕೊಂಡ್ ಬರ್ಲಿ?"

"ನೆಪ ಯಾಕೆ? ಅಮ್ಮಂಗೆ ನಿಮ್ಮ ವಿಷಯ ಆಗಲೇ ಹೇಳಿದೀನಿ."