ಗಂಜಿ ಹಾಕದ ಬಟ್ಟೆ

"ಮಗ್ಗ ಇದರಾಗ ಬರೂದಿಲ್ರಿ. ಇದು ಹೈಟೆಕ್ ಉದ್ದಿಮೆಗಳ ಯೋಜನೆ."

ನಿಪ್ಪಾಣಿಯ ಉದ್ದಿಮೆದಾರರ ಸಭೆಯಲ್ಲಿ ಅಧಿಕಾರಿ ದುಂಡೇಶ ಅಷ್ಟು ಹೇಳಿದ್ದೇ ತಡ, ಹಿಂದಿನಿಂದ ಒಬ್ಬಳು ಎದ್ದು ನಿಂತಳು.

"ಯಾಕ ಬರೂದಿಲ್ರಿ?"

ಬೋರಗಾಂವದ ಪಾವರ್‌ಲೂಮ್ ಮಾಲೀಕ ಉತ್ತಮನ ಮಗಳು ಬ್ರಾಹ್ಮಿ. ಇಚಲಕರಂಜಿಯಲ್ಲಿ ಜವಳಿ ಎಂಜಿನಿಯರಿಂಗ್ ಓದಿ ಅಪ್ಪನ ಮಗ್ಗಕ್ಕೇ ಮರಳಿದವಳು. ಅವಳು ಹುಬ್ಬು ಗಂಟಿಕ್ಕಿದರೆ ಎದುರಿಗಿದ್ದವರು ಹೇಳಬಂದದ್ದನ್ನೇ ಮರೆಯುತ್ತಿದ್ದರು. ಇಲ್ಲಿ ಬರಲಿರುವ ಸಂಶೋಧನಾ ವಲಯಕ್ಕೆ ಉದ್ದಿಮೆಗಳನ್ನು ಆರಿಸಲು ಬಂದಿದ್ದ ಅಥಣಿಯ ಹುಡುಗ ದುಂಡೇಶನೂ ಪರದೆಯ ಮೇಲಿನ ಡ್ರೋನು, ಚಿಪ್, ಬ್ಯಾಟರಿಗಳನ್ನೆಲ್ಲ ಗಳಿಗೆ ಹೊತ್ತು ಮರೆತ.

"ಔಷಧ ಕಾರ್ಖಾನ್ಯಾಗ ಸೋಸೂ ಅರಿವಿ ಪರದೇಶದಿಂದ ತರಿಸ್ತಾರ. ಅಂಥಾದ್ದನ್ನ ನಾ ನಮ್ಮ ಮಗ್ಗದಾಗ ನೇದೇನಿ. ಪರೀಕ್ಷಾ ಮಾಡ್ರಿ, ಆಮ್ಯಾಲೆ ಬರೂದಿಲ್ಲ ಅನ್ರಿ!"

"ಮಾಡ್ತೇನ್ರಿ," ಎಂದ. ಬೇರೆ ಏನನ್ನುವ ಧೈರ್ಯವಿತ್ತು ಅವನಿಗೆ?

ಯೋಜನೆಯಲ್ಲಿ ಸೇರದಿದ್ದರೆ ಮಗ್ಗಗಳನ್ನು ಗುಜರಿಗೆ ಹಾಕುವುದೆಂದು ಅಪ್ಪ ಆಗಲೇ ತೀರ್ಮಾನಿಸಿದ್ದ. ಬ್ರಾಹ್ಮಿ ಒಪ್ಪಿರಲಿಲ್ಲ. ಒಪ್ಪುವ ಹೆಣ್ಣೂ ಅಲ್ಲ.

ಮಗ್ಗ ನೋಡುವ ನೆಪದಲ್ಲಿ ದುಂಡೇಶ ಮತ್ತೆ ಮತ್ತೆ ಬಂದ. ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ.

"ಇವತ್ತೂ ಉಪಾಸ ಹೋಗ್ರಿ!" ಎಂದು ಬ್ರಾಹ್ಮಿ ನಗುತ್ತಿದ್ದಳು.

'ನನ್ನ ನಗು ನೋಡಾಕಂತ ತಡಾ ಮಾಡಿ ಬರ್ತಾನೇನ...' ಆ ಅನುಮಾನ ಅವಳಿಗೆ ಬಲು ಹಿತವಾಗಿತ್ತು.

ಆದರೆ ಪರೀಕ್ಷೆಗೆ ಕಳಿಸಿದ್ದ ಬಟ್ಟೆಯ ಫಲಿತಾಂಶ ತಿಳಿಸುವ ಚಿಕ್ಕೋಡಿಯ ಸಭೆಯಲ್ಲಿ ಅವನು ಎಲ್ಲರೆದುರು ಎದ್ದು ಹೇಳಿದ, "ಅರಿವಿ ಫೇಲ್ ಆಗೈತ್ರಿ. ನೀರ ಇಳೀಲಿಲ್ಲ."

ಸಭೆ ಮುಗಿದದ್ದೇ ಬ್ರಾಹ್ಮಿ ಹೊರಗೆ ಅವನಿಗೆ ಅಡ್ಡ ನಿಂತಳು.

"ಮೊದಲ ನನಗ ಹೇಳಾಕ ಬಾಯಿ ಇರಲಿಲ್ಲೇನು? ಇನ್ನ ನಮ್ಮ ಮನಿ ಕಡೆ ಬರಬ್ಯಾಡ್ರಿ!"

"ಬ್ರಾಹ್ಮಿ, ಒಂದ ಮಾತ..."

ಅವಳು ಕೇಳದೆ ಮುಖ ತಿರುಗಿಸಿ ನಡೆದಳು. ಕಣ್ಣೀರು ಅವನಿಗೆ ಕಾಣಬಾರದಿತ್ತು, ಅಷ್ಟೇ.

ಮನೆಯಲ್ಲಿ ಅವ್ವ ಮಂಗಲ ಎಂದಿನಂತೆ ಕುಡಿಯುವ ನೀರು ಸೋಸುತ್ತಿದ್ದಳು. ಮೆತ್ತನೆಯ ಬಟ್ಟೆ. ಬ್ರಾಹ್ಮಿ ನೋಡುತ್ತ ನಿಂತಳು. ಸಭೆಯಲ್ಲಿ ಮೇಜಿನ ಮೇಲಿದ್ದ ತನ್ನ ಬಟ್ಟೆ ರಟ್ಟಿನಂತೆ ಬಿರುಸಾಗಿತ್ತಲ್ಲ!

"ಅಪ್ಪಾ, ಕಳಸೂ ಮುಂದ ಅರಿವಿಗೆ ಏನರ ಮಾಡಿದ್ಯೇನು?"

ಉತ್ತಮ ತಲೆ ತಗ್ಗಿಸಿದ. "ಮಗಳ ಕೆಲಸ, ಮಂದಿ ಮುಂದ ಕಡಕ್ ಕಾಣಲಿ ಅಂತ... ಗಂಜಿ ಹಾಕಿ ಇಸ್ತ್ರಿ ಹೊಡದಿದ್ದೆ."

"ಸೋಸೂ ಅರಿವಿಗೆ ಯಾರರ ಗಂಜಿ ಹಾಕ್ತಾರೇನು!" ಮಂಗಲ ಹಣೆ ಬಡಿದುಕೊಂಡಳು.

ಎಳೆಗಳ ನಡುವಿನ ಸಂದನ್ನೆಲ್ಲ ಅಪ್ಪನ ಪ್ರೀತಿಯೇ ಮುಚ್ಚಿತ್ತು! ಬ್ರಾಹ್ಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಮರುದಿನವೇ ಗಂಜಿಯಿಲ್ಲದ ಬಟ್ಟೆ ಹಿಡಿದು ದುಂಡೇಶನ ಕಚೇರಿಗೆ ಹೋದಳು.

"ಪರೀಕ್ಷಾ ಒಮ್ಮೆ ಆಗೈತಿ. ಇನ್ನೊಮ್ಮೆ ಇಲ್ಲ," ಎಂದರು ಹಿರಿಯ ಅಧಿಕಾರಿ.

"ಆಗೂತನಾ ನಾ ಇಲ್ಲೇ ಕುಂದ್ರಾಕಿ!"

"ಆಗೂತನಾ ನಾ ವರದಿಗೆ ಸಹಿ ಮಾಡಾಂವಲ್ರಿ." ಬಾಗಿಲಲ್ಲಿ ದುಂಡೇಶ ನಿಂತಿದ್ದ.

ಅಧಿಕಾರಿ ಇಬ್ಬರನ್ನೂ ನೋಡಿ ಸೋತರು. ಈ ಸಲ ನೀರು ಸರಾಗವಾಗಿ, ತಿಳಿಯಾಗಿ ಇಳಿಯಿತು. ಬೋರಗಾಂವದ ಮಗ್ಗ ಯೋಜನೆಗೆ ಸೇರಿತು!

ಹೊರಗೆ ಬಂದಾಗ ಬ್ರಾಹ್ಮಿಯೇ ಕೇಳಿದಳು, "ಅವತ್ತ ಮೊದಲ ಯಾಕ ಹೇಳಲಿಲ್ಲ?"

"ನಾ ನಿಮ್ಮ ಮನಿಗೆ ಬಂದ ಹೋಗೂದು ಎಲ್ಲಾರಿಗೂ ಗೊತ್ತೈತಿ. ಒಳಗಿಂದೊಳಗ ಹೇಳಿದ್ರ, ನಾಳೆ ನೀವು ಗೆದ್ರೂ ನಾ ಗೆಲ್ಲಿಸೇನಿ ಅಂತಿದ್ರು. ಗೆಲುವು ನಿಮ್ಮದ ಆಗಬೇಕಿತ್ತು."

ಅವಳ ಸಿಟ್ಟು ಕರಗಿತು. ಪೂರ್ತಿ ಅಲ್ಲ, ಸ್ವಲ್ಪ ಮುಂದಕ್ಕೂ ಬೇಕಲ್ಲ!

"ಬ್ರಾಹ್ಮಿ... ಹೊತ್ತ ಮುಳುಗೂದ್ರಾಗ ಉಣ್ಣೂದ ಕಲೀಬೇಕಂತ ಮಾಡೇನಿ."

"ಎಷ್ಟ ದಿನಾ?"

"ಬದುಕಿರೂತನಾ."

"ಮಂದಿ ಸುಮ್ನಿರೂದಿಲ್ಲ. ನಮ್ಮವರೂ, ನಿಮ್ಮವರೂ."

"ಸುಮ್ನಿರಬ್ಯಾಡ್ರಿ ಅನ್ನೂಣು."

ಬ್ರಾಹ್ಮಿ ಪಡುವಣಕ್ಕೆ ಕಣ್ಣು ಹಾಯಿಸಿ, ಅವನ ಬೈಕಿನ ಹಿಂದೆ ಹತ್ತಿ ಕೂತಳು.

"ಹಂಗಾರ ಲಗೂ ಹೊಡೀರಿ. ಹೊತ್ತ ಇಳ್ಯಾಕತ್ತೈತಿ, ಅವ್ವ ಉಣ್ಣಾಕ ತಾಟ ಹಚ್ಚತಾಳ!"