ಕೋಳಿಯ ಬರ್ತ್‌ಡೇಗೆ ಕೆಂಪು ಬಾವುಟ

“ಆ ಕೋಳೀನ ಯಾರೂ ಮುಟ್ಟಬೇಡಿ!” ಸೂಪರ್‌ವೈಸರ್ ಕೂಗಿದ.

ಮುಟ್ಟುವ ಧೈರ್ಯ ಯಾರಿಗಿತ್ತು? ಅಜ್ಜಿಯ ಕೋಳಿ ಗೂಡಿನ ಮೇಲೆ ನಿಂತು ಕತ್ತು ಓರೆ ಮಾಡಿ ಎಲ್ಲರನ್ನೂ ದಿಟ್ಟಿಸುತ್ತಿತ್ತು. ಬೀದಿಯವರು ಅದಕ್ಕೆ ಇನ್‌ಸ್ಪೆಕ್ಟರ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಗೂಡಿನ ಸುತ್ತ ಪುಟ್ಟ ಪುಟ್ಟ ಕೆಂಪು ಬಾವುಟಗಳು ಪಟಪಟ ಹಾರುತ್ತಿದ್ದವು. ಪಕ್ಕದಲ್ಲೇ ಅಗೆಯುವ ಮೆಷಿನ್ ಗುರ್ ಗುರ್ ಎನ್ನುತ್ತಿತ್ತು.

“ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬನ್ನಿ. ಕೆಂಪು ಬಾವುಟ ಇದ್ದಲ್ಲಿ ಮಣ್ಣು ಕೆಟ್ಟಿದೆ ಅಂತ ಅರ್ಥ. ನಾವು ಅಗೀಲೇಬೇಕು.”

“ನನ್ನ ಕೋಳಿ ಕೆಟ್ಟಿದೆ ಅಂತೀಯಾ?”

“ಕೋಳಿ ಅಲ್ಲ ಅಜ್ಜಿ, ಮಣ್ಣು.”

“ಆ ಮಣ್ಣು ದಿನಾ ಕೆದಕೋದು ಯಾರು? ಇದೇ ತಾನೇ? ಇದನ್ನೇ ಕೇಳು, ಮಣ್ಣು ಹೇಗಿದೆ ಅಂತ!”

ಸೂಪರ್‌ವೈಸರ್ ಕೋಳಿಯನ್ನು ನೋಡಿದ. ಕೋಳಿ ಸೂಪರ್‌ವೈಸರನ್ನು ನೋಡಿತು. ಮೊದಲು ಕಣ್ಣು ತಿರುಗಿಸಿದ್ದು ಸೂಪರ್‌ವೈಸರ್.

ನೀರಿನ ಡ್ರಮ್ಮಿನ ಹಿಂದೆ ಮೊಮ್ಮಗಳು ಮೆಣಸು ಅಡಗಿ ಕುಳಿತಿದ್ದಳು. ಮೂಗಿನ ತುದಿಯಲ್ಲೇ ಕೋಪ ಇರುವುದರಿಂದ ಅವಳಿಗೆ ಆ ಹೆಸರು. ಈಗ ಮಾತ್ರ ಅವಳ ಖಾರವೆಲ್ಲ ಇಳಿದುಹೋಗಿತ್ತು. ಅವಳ ಒಂದು ಕೈ ತಮ್ಮನ ಬಾಯಿಯ ಮೇಲಿತ್ತು. ತಮ್ಮನ ಹೆಸರು ಪೀಪಿ. ಅವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅದಕ್ಕೇ ಆ ಕೈ.

ಅಜ್ಜಿಯ ಹಿತ್ತಿಲಿನ ಆಚೆ ತಗಡಿನ ಬೇಲಿ. ಬೇಲಿಯ ಆಚೆ ಹಳೆಯ ಪೇಂಟ್ ಫ್ಯಾಕ್ಟರಿಯ ಜಾಗ. ಫ್ಯಾಕ್ಟರಿ ಯಾವಾಗಲೋ ಬಾಗಿಲು ಹಾಕಿತ್ತು. ಆದರೂ ಅಲ್ಲಿ ಹುಲ್ಲು ಹುಟ್ಟುತ್ತಿರಲಿಲ್ಲ. ಮಳೆ ಬಂದರೆ ಗುಂಡಿಯ ನೀರು ಹಸಿರು, ನೇರಳೆ ಎಂದು ಬಣ್ಣ ಬಣ್ಣವಾಗಿ ಮಿನುಗುತ್ತಿತ್ತು. ಕೊನೆಗೂ ಸರ್ಕಾರ ಹಣ ಕೊಟ್ಟಿತ್ತು. ಕೆಟ್ಟ ಮಣ್ಣನ್ನೆಲ್ಲ ಅಗೆದು ಸಾಗಿಸಬೇಕು, ಒಳ್ಳೆಯ ಮಣ್ಣು ತುಂಬಬೇಕು, ಆಮೇಲೆ ಮಕ್ಕಳಿಗೆ ಆಟದ ಮೈದಾನ! ಬೀದಿಯ ಮಕ್ಕಳು ಆಗಲೇ ಟೀಮ್ ಹಂಚಿಕೊಂಡು, ಜಗಳವನ್ನೂ ಆಡಿ ಮುಗಿಸಿದ್ದರು.

ಮಣ್ಣು ಪರೀಕ್ಷೆ ಮಾಡಲು ಒಬ್ಬರು ಮೇಡಂ ಬಂದಿದ್ದರು. ಕೆಟ್ಟ ಮಣ್ಣು ಇದ್ದಲ್ಲೆಲ್ಲ ಕೆಂಪು ಬಾವುಟ ಚುಚ್ಚಿ ಹೋಗಿದ್ದರು.

ನಿನ್ನೆ ಸಂಜೆ, ಬಹಳ ದಿನದಿಂದ ಸ್ಟ್ರೈಕ್ ಮಾಡುತ್ತಿದ್ದ ಇನ್‌ಸ್ಪೆಕ್ಟರ್ ಒಂದು ಮೊಟ್ಟೆ ಇಟ್ಟಿತು. ಅವತ್ತೇ ಅದರ ಬರ್ತ್‌ಡೇ ಎಂದು ಮೆಣಸು ತೀರ್ಮಾನಿಸಿಬಿಟ್ಟಳು. ಬರ್ತ್‌ಡೇ ಅಂದಮೇಲೆ ಡೆಕೊರೇಶನ್ ಬೇಡವೇ? ತಗಡಿನ ಸಂದಿಯಿಂದ ನೋಡಿದರೆ ಬಾವುಟಗಳು ‘ಬಾ ಬಾ’ ಎನ್ನುವಂತೆ ಆಡುತ್ತಿದ್ದವು. ಹಣ್ಣು ಕೀಳುವ ದೋಟಿಯನ್ನು ಸಂದಿಯಲ್ಲಿ ತೂರಿಸಿ, ಕೈಗೆಟುಕಿದ್ದನ್ನೆಲ್ಲ ಒಂದೊಂದಾಗಿ ಎಳೆದುಕೊಂಡು ಗೂಡಿನ ಸುತ್ತ ಚುಚ್ಚಿದಳು.

“ಅದು ಸರ್ಕಾರದ್ದಲ್ವಾ ಅಕ್ಕ?” ಎಂದು ಪೀಪಿ ಕೇಳಿದ್ದ.

“ಸರ್ಕಾರದ ಹತ್ರ ಕೋಳಿ ಇಲ್ಲ. ನಮ್ಮ ಹತ್ರ ಇದೆ.”

ಆಮೇಲೆ ಅಜ್ಜಿ ಒಳಗಿನಿಂದಲೇ, “ಕೈ ತೊಳ್ಕೊಂಡು ಬನ್ನಿ!” ಎಂದಿದ್ದಳು. ಇಬ್ಬರೂ ತಮ್ಮ ಮಾಮೂಲಿ ಪದ್ಧತಿಯಲ್ಲಿ ಕೈ ತೊಳೆದರು. ಅಂದರೆ ನಲ್ಲಿಗೆ ಕೈ ತೋರಿಸಿ, ಬೆರಳ ತುದಿ ಒದ್ದೆ ಮಾಡಿ, ಚಡ್ಡಿಗೆ ಒರೆಸಿಕೊಂಡರು.

ಈಗ ನೋಡಿದರೆ ಈ ಗತಿ!

“ಅಜ್ಜಿ, ಈ ವಾರ ಅಗೆದು ಮುಗಿಸದಿದ್ರೆ ಸರ್ಕಾರದ ದುಡ್ಡು ವಾಪಸ್ ಹೋಗುತ್ತೆ. ಆಮೇಲೆ ಮೈದಾನಾನೂ ಇಲ್ಲ, ಏನೂ ಇಲ್ಲ,” ಎಂದ ಸೂಪರ್‌ವೈಸರ್.

ಮೆಣಸು ಡ್ರಮ್ಮಿನ ಹಿಂದೆ ಇನ್ನಷ್ಟು ಮುದುಡಿದಳು. ಸುಮ್ಮನಿದ್ದರೆ ಗೂಡು ಹೋಗುತ್ತದೆ. ಬಾಯಿಬಿಟ್ಟರೆ ‘ಮೈದಾನಕ್ಕೆ ಕಲ್ಲು ಹಾಕಿದವಳು’ ಎಂದು ಇಡೀ ಬೀದಿ ಬೈಯುತ್ತದೆ.

ಅಷ್ಟರಲ್ಲಿ ಅಜ್ಜಿ ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಗೂಡಿನ ಮೇಲೆಯೇ ಕುಳಿತುಬಿಟ್ಟಳು. “ಅಗಿ ನೋಡೋಣ!”

ಮೆಷಿನ್ನಿನ ಡ್ರೈವರ್ ಮೆಲ್ಲಗೆ ಎಂಜಿನ್ ಆಫ್ ಮಾಡಿದ.

ಪೀಪಿಗೆ ಇನ್ನು ತಡೆಯಲಾಗಲಿಲ್ಲ. ಅಕ್ಕನ ಕೈಯನ್ನು ಕಚ್ಚಿ, “ಅಕ್ಕ ಏನೋ ಹೇಳ್ಬೇಕಂತೆ!” ಎಂದು ಕಿರುಚಿದ.

ಎಲ್ಲರೂ ಡ್ರಮ್ಮಿನ ಕಡೆ ತಿರುಗಿದರು. ಮೆಣಸು ಎದ್ದು ನಿಂತು, ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಮೊಟ್ಟೆ, ಬರ್ತ್‌ಡೇ, ದೋಟಿ, ಬಾವುಟ.

ಸೂಪರ್‌ವೈಸರ್ ಉಸ್ಸಪ್ಪಾ ಎಂದು ಹೆಲ್ಮೆಟ್ ತೆಗೆದು ಕೆಳಗಿಟ್ಟ. ಇನ್‌ಸ್ಪೆಕ್ಟರ್ ಅಜ್ಜಿಯ ಕಂಕುಳಿನಿಂದ ಜಾರಿ ಬಂದು ಅದರೊಳಗೆ ಆರಾಮಾಗಿ ಕುಳಿತುಕೊಂಡಿತು.

ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಮೇಡಂ ಸ್ಕೂಟರಿನಲ್ಲಿ ಬಂದರು. ಕತೆ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

“ಜಾಗ ಎಲ್ಲ ನನ್ನ ಫೋನಲ್ಲಿ ಗುರುತಾಗಿದೆ. ಇವತ್ತೇ ಮತ್ತೆ ಚುಚ್ಚಿ ಕೊಡ್ತೀನಿ, ಕೆಲಸ ನಿಲ್ಲಲ್ಲ. ಅಜ್ಜಿ, ನಿಮ್ಮ ಹಿತ್ತಿಲು ಎತ್ತರದಲ್ಲಿದೆ. ಇದರ ಮಣ್ಣನ್ನೂ ಅವತ್ತೇ ನೋಡಿದ್ದೆ, ಚೆನ್ನಾಗಿದೆ.”

“ನನ್ನ ಕೋಳಿ ಆಗಲೇ ಹೇಳಿತ್ತು,” ಎಂದಳು ಅಜ್ಜಿ.

ಮೇಡಂ ದಪ್ಪ ಗ್ಲೌಸ್, ಬೂಟು ಹಾಕಿಕೊಂಡು ಬೇಲಿಯ ಆಚೆ ಹೋದರು. ಮೆಣಸು ಸಂದಿಯಿಂದ ನೋಡುತ್ತ ನಿಂತಳು. ಒಂದು ಬಾವುಟ ಅಲ್ಲಿ, ಒಂದು ಇಲ್ಲಿ. ಬರಬರುತ್ತ ಬಾವುಟಗಳು ಬೇಲಿಯ ಹತ್ತಿರವೇ ಬಂದವು. ಕೊನೆಯವು ಸರಿಯಾಗಿ ಸಂದಿಯ ಕೆಳಗೇ, ಒತ್ತೊತ್ತಾಗಿ.

“ಇಲ್ಲಿ ಯಾಕೆ ಮೇಡಂ ಇಷ್ಟೊಂದು?”

“ಫ್ಯಾಕ್ಟರಿಯ ಬಣ್ಣದ ನೀರೆಲ್ಲ ಹರಿದು ಬಂದು ನಿಲ್ತಿದ್ದದ್ದು ಈ ಮೂಲೇಲೇ. ಎಲ್ಲದಕ್ಕಿಂತ ಕೆಟ್ಟ ಮಣ್ಣು ಇದು. ಇಲ್ಲಿ ಯಾರೂ ಕೈ ಹಾಕಲ್ಲ ತಾನೇ?”

ಮೆಣಸು ಸಂದಿಯನ್ನೇ ನೋಡಿದಳು. ಗೋಲಿ ಆಡುವಾಗ ಗೋಲಿಗಳು ಉರುಳಿ ಹೋಗುತ್ತಿದ್ದದ್ದು ಇದೇ ಸಂದಿಗೆ. ಅವಳ ಕೈ ಅದರಲ್ಲಿ ತೂರುತ್ತಿರಲಿಲ್ಲ. ಪುಟ್ಟ ಕೈ ಇದ್ದದ್ದು ಪೀಪಿಗೆ. ಹೋಗೋ, ತೆಗೆಯೋ ಎಂದು ಪ್ರತಿ ಸಲ ಕಳಿಸುತ್ತಿದ್ದವಳು ಅವಳೇ.

“ಹಾಕ್ತಿದ್ವಿ ಮೇಡಂ. ಇನ್ನು ಹಾಕಲ್ಲ,” ಎಂದಳು ಮೆಲ್ಲಗೆ.

ಮೆಷಿನ್ ಮತ್ತೆ ಗುರ್ ಎಂದಿತು. ಸೂಪರ್‌ವೈಸರ್ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೋಳಿ ಏಳುವುದನ್ನೇ ಕಾಯುತ್ತಿದ್ದ. ಅದಕ್ಕೆ ಏಳುವ ಯೋಚನೆಯೇ ಇದ್ದಂತಿರಲಿಲ್ಲ.

ಮೆಣಸು ತಮ್ಮನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು.

“ನಾನು ಆಗಲೇ ತೊಳ್ಕೊಂಡಿದೀನಿ!” ಪೀಪಿ ಕೊಸರಾಡಿದ. “ನಿನ್ನೆ! ನಿನ್ನ ಥರಾನೇ!”

ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಸೋಪು ತೆಗೆದುಕೊಂಡು ಅವನ ಬೆರಳ ಸಂದಿ, ಉಗುರಿನ ಒಳಗೆಲ್ಲ ಉಜ್ಜಿದಳು. ಮೊಣಕೈವರೆಗೂ ಉಜ್ಜಿದಳು.

“ಅಕ್ಕಾ, ಕೈ ಸವೆದುಹೋಗುತ್ತೆ!” ಪೀಪಿಯ ಕೂಗು ಇಡೀ ಬೀದಿಗೆ ಕೇಳಿಸಿತು.

ಅವಳು ಆ ಪುಟ್ಟ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮತ್ತೆ ಸೋಪು ಎತ್ತಿಕೊಂಡಳು.