ಎಡಗೈ ಅಂಬಿಗನ ಎಲೆ

ಕೈಮಾರಿ... ಅಲ್ಲ, ಕೈಮಗುಚಿ... ಆ ಆಟಕ್ಕೆ ನಮ್ಮ ಕಡೆ ಒಂದು ಹೆಸರಿತ್ತು. ನಾಲಿಗೆಯ ತುದಿಗೆ ಬಂದು ಕೂತಿದೆ, ಹೊರಗೆ ಬರುತ್ತಿಲ್ಲ. ಕೇಳೋಣವೆಂದರೆ ಈ ಊರಲ್ಲಿ ಅದನ್ನು ಆಡಿದವರು ಒಬ್ಬರೂ ಇಲ್ಲ. ಇರಲಿ, ಆಟ ಗೊತ್ತಿದ್ದರೆ ಸಾಕು. ಇಬ್ಬರು ಎದುರುಬದುರು ಕೂರಬೇಕು. ಚಿತ್ರ ಬರೆದ ಗುಂಡನೆಯ ಎಲೆಗಳನ್ನು ಸಮನಾಗಿ ಹಂಚಿಕೊಳ್ಳಬೇಕು. ಕೈಯಲ್ಲಿರುವುದರಲ್ಲಿ ಒಂದನ್ನು ಆರಿಸಿ ಬೋರಲು ಹಾಕಿ, ಉಳಿದದ್ದನ್ನೆಲ್ಲ ಎದುರಿನವರಿಗೆ ಕೊಡಬೇಕು. ಅವರದು ನಮಗೆ, ನಮ್ಮದು ಅವರಿಗೆ. ಮತ್ತೆ ಒಂದು ಆರಿಸು, ಮತ್ತೆ ಕೈ ಬದಲಿಸು. ಎಲ್ಲ ಮುಗಿದ ಮೇಲೆ ತಿರುಗಿಸಿ ನೋಡು, ಯಾರ ಬಲ ಹೆಚ್ಚೋ ಅವರು ಗೆದ್ದರು. ಒಲೆಯ ಮೇಲಿನ ಹಾಲು ಉಕ್ಕುವಷ್ಟರಲ್ಲಿ ಒಂದಾಟ ಮುಗಿಯುತ್ತಿತ್ತು.

ಬಹಳ ಬಹಳ ಹಿಂದೆ, ಮೃಗಗಳು ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತಿದ್ದ ಕಾಲದಲ್ಲಿ, ಸಂಜೆಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಹೊಳೆಯಲ್ಲಿ ಹರಿಗೋಲು ನಡೆಸುವ ಅಣ್ಣ ತಂಗಿ ಇದ್ದರು. ಅಣ್ಣ ಕೆಂಚಣ್ಣ, ತಂಗಿ ದೇವೀರಿ. ಕೆಂಚಣ್ಣ ಎಡಚ. ಹುಟ್ಟು ಹಾಕುವುದೂ ಎಡಗೈಯಲ್ಲೇ. ದಡದಲ್ಲಿ ಜನ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಈ ಆಟ ಆಡುವರು. ಕೆಂಚಣ್ಣ ಆನೆಯ ಎಲೆ ಕಂಡರೆ ಸಾಕು, ಹಿಂದುಮುಂದು ನೋಡದೆ ಎತ್ತಿಕೊಳ್ಳುತ್ತಿದ್ದ.

ಒಂದು ದಿನ ಕವಡಂಕನೆಂಬ ಮಾಯಗಾರ ಹೊಳೆ ದಾಟಲು ಬಂದ. "ಸುಮ್ಮನೆ ಕೂರೋದೇಕೆ ಅಂಬಿಗ, ಒಂದಾಟ ಆಡೋಣವೇ?" ಎಂದ. ಕೆಂಚಣ್ಣ ಆನೆಯನ್ನು ಎತ್ತಿಕೊಂಡ, ಸೋತ. ನಡುಹೊಳೆಯಲ್ಲೇ ಅವನು ಗುಂಡನೆಯ ಒಂದು ಎಲೆಯಾಗಿಬಿಟ್ಟ. ಕವಡಂಕ ಆ ಎಲೆಯನ್ನು ಸೊಂಟದ ಚೀಲಕ್ಕೆ ಹಾಕಿಕೊಂಡು ನೀರಿನ ಮೇಲೆ ನಡೆದುಹೋದ.

ಹರಿಗೋಲು ಒಂದೇ ತೇಲಿ ಬಂತು. ದಡದಿಂದ ಎಲ್ಲ ಕಂಡಿದ್ದ ದೇವೀರಿ ಅದನ್ನೇರಿ ಹೋಗಿ ಆಚೆ ದಡಕ್ಕೆ ಕಟ್ಟಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮಾಯಗಾರನ ಕೋಟೆಯ ದಾರಿ ಹಿಡಿದಳು.

ಕೋಟೆಯ ಮೊದಲ ಬಾಗಿಲಲ್ಲಿ ಕೊಂಬಿರುವ ಕರಡಿ ಕೂತಿತ್ತು. "ಆಡಿದವರಿಗೆ ದಾರಿ ಉಂಟು ದೇವೀರಿ. ಆದರೆ ಸೋತರೆ ನಿನ್ನ ನೆರಳು ನನಗೆ," ಎಂದಿತು.

ದೇವೀರಿಯ ಕೈಗೆ ಉಕ್ಕಿನ ಮೈಯ ಗೂಳಿಯ ಎಲೆ ಬಂತು. ಇದಕ್ಕಿಂತ ಬಲ ಯಾವುದಿದೆ ಎಂದು ಅದನ್ನೇ ಎತ್ತಿಕೊಂಡಳು. ಉಳಿದದ್ದರಲ್ಲಿ ಹಗ್ಗ ಹಿಡಿದ ಒಬ್ಬ ಮುದುಕಿಯ ಎಲೆ ಇತ್ತು, ಅದು ಕರಡಿಗೆ ಹೋಯಿತು. ಎಲೆ ತಿರುಗಿಸಿದಾಗ ಚಿತ್ರಗಳೆಲ್ಲ ಎದ್ದು ನಿಂತವು. ಗೂಳಿ ಒಮ್ಮೆ ಗುಟುರು ಹಾಕಿತು. ಆಮೇಲೆ ಮುದುಕಿಯನ್ನು ಕಂಡದ್ದೇ ತಲೆ ತಗ್ಗಿಸಿ, ಬಾಲ ಆಡಿಸುತ್ತ ಅವಳ ಪಕ್ಕಕ್ಕೆ ಹೋಗಿ ನಿಂತಿತು.

"ಇದೇನು ಮೋಸ?" ಎಂದಳು ದೇವೀರಿ.

"ಮೋಸ ಎಲ್ಲಿ ಬಂತು? ಇವು ಬರಿ ಚಿತ್ರ ಅಂದುಕೊಂಡೆಯಾ? ಒಡೆಯ ಹಿಡಿದು ತಂದ ಜೀವಗಳು. ಅದು ಕರುವಾಗಿದ್ದಾಗಿನಿಂದ ಮೇವು ಹಾಕಿದವಳು ಈ ಅಜ್ಜಿ. ಅವಳನ್ನು ಬಿಟ್ಟು ನಿನ್ನ ಮಾತು ಕೇಳುತ್ತಾ?"

"ನಿನ್ನ ಒಡೆಯನಿಗೆ ಇದು ಗೊತ್ತೇ?"

"ಅವನು ಕೇಳಿಲ್ಲ, ನಾನು ಹೇಳಿಲ್ಲ," ಎಂದು ಕರಡಿ ಅವಳ ನೆರಳನ್ನು ಚಾಪೆಯಂತೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿತು.

ನೆರಳಿಲ್ಲದ ದೇವೀರಿ ಮುಂದೆ ನಡೆದಳು.

ಎರಡನೆಯ ಬಾಗಿಲಲ್ಲಿ ಬೆಳ್ಳಿ ಕೊಕ್ಕಿನ ಕೊಕ್ಕರೆ ಒಂಟಿಕಾಲಲ್ಲಿ ನಿಂತಿತ್ತು. "ಆಡಿದವರಿಗೆ ದಾರಿ ಉಂಟು ದೇವೀರಿ. ಸೋತರೆ ನಿನ್ನ ದನಿ ನನಗೆ. ಗೆದ್ದರೆ ಏನು ಬೇಕೋ ಕೇಳು."

ಈ ಸಲ ದೇವೀರಿ ದೊಡ್ಡದನ್ನು ಎತ್ತಿಕೊಳ್ಳಲಿಲ್ಲ. ಕುರುಬನ ಎಲೆಯನ್ನು ಇಟ್ಟುಕೊಂಡು, ನೂರು ಟಗರಿನ ಮಂದೆಯನ್ನು ಕೊಕ್ಕರೆಗೆ ಬಿಟ್ಟಳು. ಎಲೆ ತಿರುಗಿಸಿದಾಗ ಕುರುಬ ನಾಲಿಗೆ ಮಡಚಿ ಒಂದು ಶಿಳ್ಳೆ ಹೊಡೆದ. ಮಂದೆಗೆ ಮಂದೆಯೇ ಕೊಕ್ಕರೆಯನ್ನು ದಾಟಿ ಇತ್ತ ಬಂತು.

"ಅಯ್ಯೋ, ಇದ್ದ ಒಂದು ಕಾಲನ್ನೂ ತುಳಿದವಲ್ಲ!" ಎಂದು ಕೊಕ್ಕರೆ ಕುಂಟಿತು. "ಕೇಳವ್ವ, ಏನು ಬೇಕು?"

"ಕವಡಂಕ ಯಾವತ್ತೂ ಸೋಲುವುದಿಲ್ಲವಂತೆ, ಹೇಗೆ?"

"ಅವನು ಎಲೆ ನೋಡಲ್ಲ ಕಣವ್ವ, ಎದುರಿಗೆ ಕೂತವರ ಮುಖ ನೋಡ್ತಾನೆ. ಯಾವ ಎಲೆ ಬಿಡುವಾಗ ಕಣ್ಣು ಒದ್ದೆ ಆಗುತ್ತೋ, ಕೈ ನಡುಗುತ್ತೋ, ಅದನ್ನೇ ಎತ್ತಿಕೊಳ್ತಾನೆ. ಹಿಡಿದು ತಂದವರು ಅಷ್ಟೊಂದು ಜನ. ಯಾವ ಎಲೆ ಯಾರು ಅಂತ ಅವನಿಗೇ ನೆನಪಿಲ್ಲ. ನೀವೇ ತೋರಿಸಿಕೊಟ್ಟು ಕಳಕೊಳ್ತೀರಿ."

ದೇವೀರಿ ಮುಖವನ್ನು ಸೆರಗಿನಿಂದ ಒರೆಸಿಕೊಂಡು ಮುಂದೆ ನಡೆದಳು.

ಮೂರನೆಯ ಬಾಗಿಲು ತೆರೆದೇ ಇತ್ತು. ಒಳಗೆ ಕಂಬಗಳಿಗೆ, ಗೋಡೆಗಳಿಗೆ, ಸೂರಿಗೆ ಎಲೆಗಳೇ ಎಲೆಗಳು. ನಡುವೆ ಕವಡಂಕ ಕೂತಿದ್ದ. ಕಣ್ಣಿಗೆ ರೆಪ್ಪೆ ಇರಲಿಲ್ಲ.

"ಬಾ ತಾಯಿ, ಬಾ. ಯಾರನ್ನು ಹುಡುಕಿಕೊಂಡು ಬಂದೆ? ಗಂಡನೋ, ಮಗನೋ?"

"ಅಣ್ಣ."

"ಆಗಲಿ. ಹುಡುಕಿಕೊಂಡು ಬಂದವರ ಎಲೆ ತಾನಾಗಿಯೇ ಆಟಕ್ಕೆ ಬಂದು ಸೇರುತ್ತದೆ, ಅಣ್ಣನೂ ಇದರಲ್ಲಿದ್ದಾನೆ. ಇಬ್ಬರಿಗೂ ನಾಲ್ಕು ನಾಲ್ಕು ಎಲೆ. ನೀನು ಗೆದ್ದರೆ ನನ್ನ ಹಿಡಿತದಲ್ಲಿರುವ ಎಲ್ಲರೂ ನಿನ್ನವರು. ನಾನು ಗೆದ್ದರೆ ನಿನ್ನ ಎಲೆಗಳೂ ನೀನೂ ನನ್ನವರು."

ದೇವೀರಿ ತನಗೆ ಬಂದ ನಾಲ್ಕು ಎಲೆಗಳನ್ನು ಬಿಡಿಸಿ ನೋಡಿದಳು. ಒಂದು ಆನೆ, ಒಂದು ಮಾವುತ, ಒಂದು ಹುಲಿ. ನಾಲ್ಕನೆಯದರಲ್ಲಿ ಒಬ್ಬ ಅಂಬಿಗ. ಹುಟ್ಟು ಎಡಗೈಯಲ್ಲಿತ್ತು.

ಎಲೆ ಬೆಚ್ಚಗಿತ್ತು. ಚಿತ್ರದ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಈಗಲೇ ಎತ್ತಿಕೊಂಡರೆ ಅಣ್ಣ ಕೈಗೆ ಬಂದಂತೆಯೇ. ಆದರೆ ಆನೆಯೂ ಮಾವುತನೂ ಒಟ್ಟಿಗೆ ಕವಡಂಕನ ಕೈಗೆ ಹೋಗುತ್ತಾರೆ, ಅವನು ಮಾವುತನನ್ನು ಎತ್ತಿಕೊಂಡರೆ ಆನೆ ಯಾರ ಕೈಲಿದ್ದರೂ ಅವನದೇ. ಆನೆ ಅಣ್ಣನನ್ನೂ ಅವಳನ್ನೂ ಒಟ್ಟಿಗೆ ತುಳಿಯುತ್ತದೆ. ಬಿಟ್ಟುಕೊಟ್ಟರೆ ಅಣ್ಣ ಆ ರೆಪ್ಪೆಯಿಲ್ಲದ ಕಣ್ಣಿನ ಕೆಳಗೆ ಹೋಗಿ, ಅವನು ಎತ್ತಿಕೊಳ್ಳದೆ ಇದ್ದರೆ ಮಾತ್ರ, ತಿರುಗಿ ಬರಬೇಕು.

ದೇವೀರಿ ಮಾವುತನನ್ನು ಆರಿಸಿ ಬೋರಲು ಹಾಕಿದಳು. ಆನೆಯ ಎಲೆಯನ್ನು ಎದೆಗೆ ಒತ್ತಿ, ಮುತ್ತಿಟ್ಟು, ಬಿಡಲಾರದೆ ಬಿಟ್ಟಂತೆ ನಡುಗುವ ಕೈಯಿಂದ ಚಾಚಿದಳು. ಅದರ ಹಿಂದೆ ಹುಲಿ, ಅಂಬಿಗ ಎರಡೂ ಹೋದವು. ಅಂಬಿಗನ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ. ಬೆರಳ ತುದಿಗೆ ಮಾತ್ರ ಆ ಬಿಸಿ ಇನ್ನೂ ತಾಗುತ್ತಿತ್ತು.

ಕವಡಂಕ ಆಗಲೇ ತನ್ನ ಕೈಯಿಂದ ಎಷ್ಟೋ ದಿನದಿಂದ ಕಾಣೆಯಾಗಿದ್ದ ಸಂಜೆಗಿರಿಯ ಎಳೆಯ ರಾಜನನ್ನು ಎತ್ತಿ ಬೋರಲು ಹಾಕಿದ್ದ. ದೇವೀರಿಗೆ ಬಂದದ್ದು ಒಂದು ಕುದುರೆ, ಒಬ್ಬ ಲಾಯದವನು, ಒಬ್ಬಳು ಹಲ್ಲಿಲ್ಲದ ದಾದಿ. ರಾಜನನ್ನು ಎತ್ತಿ ಆಡಿಸಿದವಳು, ಅವನನ್ನು ಹುಡುಕಿಕೊಂಡು ಬಂದು ತಾನೂ ಎಲೆಯಾದವಳು. ಅವಳ ಗುರುತು ಹತ್ತಿದ ದೇವೀರಿ, ಕವಡಂಕ ಎತ್ತಿಕೊಂಡದ್ದು ರಾಜನನ್ನೇ ಇರಬೇಕೆಂದು ದಾದಿಯನ್ನು ಆರಿಸಿದಳು.

"ಓಹೋ! ನಿನ್ನಣ್ಣ ಆನೆಯಾಗಿದ್ದಾನೋ?" ಎಂದು ಕವಡಂಕ ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಕೋಟೆಯ ಗಾಳಿ ಚೆನ್ನಾಗಿ ಒಗ್ಗಿದೆ ಅವನಿಗೆ!" ಎಂದು ಆನೆಯನ್ನು ಎತ್ತಿಕೊಂಡು, ಉಳಿದೆರಡನ್ನು ಅವಳತ್ತ ತಳ್ಳಿದ.

ಹುಲಿ, ಅಂಬಿಗ. ಅಣ್ಣ ಸುತ್ತು ಹಾಕಿ ಬಂದಿದ್ದ. ದೇವೀರಿ ಬಳಪ ಎತ್ತುವಷ್ಟು ಸಲೀಸಾಗಿ ಅವನನ್ನು ಎತ್ತಿಟ್ಟುಕೊಂಡಳು. ಕವಡಂಕ ಕುದುರೆಯನ್ನು ಎತ್ತಿಕೊಂಡ. ಕೊನೆಯಲ್ಲಿ ಆರಿಸಲು ಏನೂ ಇರಲಿಲ್ಲ. ಲಾಯದವನು ಇವಳಿಗೆ, ಹುಲಿ ಅವನಿಗೆ.

"ರಾಜ, ಆನೆ, ಕುದುರೆ, ಹುಲಿ!" ಎಂದು ಕವಡಂಕ ಎಲೆ ತಿರುಗಿಸಿದ. "ನಿನ್ನದು ತೋರಿಸು."

ಅವಳೂ ತಿರುಗಿಸಿದಳು. ಚಿತ್ರಗಳೆಲ್ಲ ಎದ್ದು ನಿಂತವು. ಆನೆ ಸೊಂಡಿಲೆತ್ತಿ ನುಗ್ಗಿತು. ಮಾವುತ ಅದರ ಕಿವಿಯ ಹಿಂದೆ ಕೆರೆದ, ಅದು ಕಣ್ಣು ಮುಚ್ಚಿ ಮಂಡಿಯೂರಿತು. ಕುದುರೆ ಕೆನೆಯಿತು. ಲಾಯದವನು ನಾಲಿಗೆ ಲೊಚಗುಟ್ಟಿದ, ಅದು ಬಂದು ಅವನ ಹೆಗಲಿಗೆ ಮೂತಿ ಒರೆಸಿತು. ರಾಜ ಕತ್ತಿ ಹಿರಿದ. ದಾದಿ ಹೋಗಿ ಅವನ ಕಿವಿ ಹಿಂಡಿದಳು.

"ಎಲ್ಲಿಗೋ ಹೋಗಿದ್ದೆ ಇಷ್ಟು ದಿನ? ಊಟ ಇಲ್ಲ, ಸ್ನಾನ ಇಲ್ಲ! ಕತ್ತಿ ಕೆಳಗಿಡು ಮೊದಲು!"

ರಾಜ ಕತ್ತಿ ಕೆಳಗಿಟ್ಟ.

ಉಳಿದದ್ದು ಹುಲಿ. ಅದನ್ನು ಉಣಿಸಿ ಸಾಕಿದವರು ಯಾರೂ ಇರಲಿಲ್ಲ. ಎಲೆಯೊಳಗೆ ಎಷ್ಟೋ ಕಾಲದಿಂದ ಹಸಿದಿತ್ತು. ಅದು ದೇವೀರಿಯ ಕಡೆಗೆ ನೆಗೆಯುವಷ್ಟರಲ್ಲಿ ಕೆಂಚಣ್ಣ ಎಡಗೈಯಿಂದ ಹುಟ್ಟನ್ನು ನೆಲಕ್ಕೆ ಊರಿದ. ಊರಿದಲ್ಲಿ ನೀರು ಚಿಮ್ಮಿತು. ಚಿಮ್ಮಿದ ನೀರು ಹೊಳೆಯಾಯಿತು. ಇತ್ತ ದಡದಲ್ಲಿ ಇವರೆಲ್ಲ, ಅತ್ತ ದಡದಲ್ಲಿ ಹುಲಿ ಮತ್ತು ಕವಡಂಕ. ಹುಲಿ ಹೊಳೆಯನ್ನು ನೋಡಿತು. ಪಕ್ಕದಲ್ಲಿದ್ದವನನ್ನು ನೋಡಿತು. ಇಷ್ಟು ಹತ್ತಿರ ಇರುವಾಗ ಅಷ್ಟು ದೂರ ಈಜುವುದೇಕೆ ಎಂದುಕೊಂಡಿತು.

ಕವಡಂಕ ಸತ್ತದ್ದೇ ತಡ, ಗೋಡೆಗಳಿಂದ, ಕಂಬಗಳಿಂದ, ಸೂರಿನಿಂದ ಎಲೆಗಳು ಉದುರಿ ಜನರಾದವು. ಕರಡಿ ಒಬ್ಬ ದಪ್ಪ ಮೀಸೆಯ ಡೋಲಿನವನಾಗಿ ಓಡಿಬಂದು, ನಾಚಿಕೊಂಡು, ನೆರಳನ್ನು ಬಿಡಿಸಿ ಅವಳ ಕಾಲ ಬಳಿ ಹಾಸಿದ. ಕೊಕ್ಕರೆ ಎಲ್ಲರಿಗೂ ಮಲ್ಲಿಗೆ ಕಟ್ಟಿಕೊಡುವ ಹೆಂಗಸಾದಳು, ಒಂದು ಕಾಲು ಮಾತ್ರ ಇನ್ನೂ ಕುಂಟುತ್ತಿತ್ತು.

ಅಣ್ಣ ತಂಗಿ ಹರಿಗೋಲಿನಲ್ಲಿ ಹಿಂದಿರುಗಿದರು. ನಡುಹೊಳೆಗೆ ಬಂದ ಮೇಲೆ ಕೆಂಚಣ್ಣ ಅಂದ, "ನನ್ನನ್ನ ಅವನ ಕೈಗೆ ಕೊಟ್ಟುಬಿಟ್ಟೆಯಲ್ಲೇ. ತಿರುಗಿ ಕೂಡ ನೋಡಲಿಲ್ಲ."

"ನೋಡಿದ್ದರೆ ನೀನು ಈಗ ಅವನ ಚೀಲದಲ್ಲಿರುತ್ತಿದ್ದೆ ಅಣ್ಣ."

"ಅದು ಸರಿ. ಆ ಆನೆಗೆ ಮುತ್ತು ಬೇರೆ ಕೊಟ್ಟೆ."

ದೇವೀರಿಗೆ ಅಷ್ಟು ಹೊತ್ತು ಹಿಡಿದಿಟ್ಟಿದ್ದ ಅಳುವೂ ನಗುವೂ ಒಟ್ಟಿಗೆ ಬಂದವು. ಹರಿಗೋಲು ಗಿರ್ರನೆ ತಿರುಗಿತು.

ಸಂಜೆಗಿರಿಯಲ್ಲಿ ಆಮೇಲೆ ಯಾರೂ ಎಲೆಯಾಗಲಿಲ್ಲ. ರಾಜ ಹೊತ್ತಿಗೆ ಸರಿಯಾಗಿ ಉಂಡ, ಆನೆ ಕೆರೆಯಲ್ಲಿ ಮಿಂದಿತು, ಹುಲಿ ಬೆಟ್ಟ ಹತ್ತಿತು. ಅಣ್ಣ ತಂಗಿ ಮುದುಕರಾಗುವ ತನಕ ದಡದಲ್ಲಿ ಕೂತು ಆ ಆಟ ಆಡುತ್ತ ಸುಖವಾಗಿದ್ದರು. ಕೆಂಚಣ್ಣ ಕೊನೆಯವರೆಗೂ ಆನೆಯನ್ನೇ ಎತ್ತಿಕೊಂಡ, ಕೊನೆಯವರೆಗೂ ಸೋತ.

ಹೆಸರು ಕಡೆಗೂ ನೆನಪಾಗಲಿಲ್ಲ ನೋಡು. ಪುಟ್ಟಿ, ಆ ಪೆನ್ಸಿಲ್ ತಗೋ. ಹೆಸರಿನ ಜಾಗ ಖಾಲಿ ಬಿಡು, ಉಳಿದದ್ದು ನಾನು ಹೇಳಿದ ಹಾಗೇ ಬರೆದಿಡು. ನಾಳೆ ರಟ್ಟು ಕತ್ತರಿಸಿ ಎಲೆ ಮಾಡೋಣ, ಇಬ್ಬರೂ ಆಡೋಣ. ಬರಿ, ಆನೆ ಒಂದು, ಮಾವುತ ಒಬ್ಬ. ಅಂಬಿಗ ಒಬ್ಬ, ಹುಟ್ಟು ಎಡಗೈಯಲ್ಲಿ.